ಬೋರಿಂಗಿನ ನೀರು

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ಕರಗುಂಪಾ ಊರಿನ ದಲಿತರ ಓಣಿ ಭೀಮನಗರದಲ್ಲಿ ಚಂದಮ್ಮ ತೀರಿಕೊಂಡಳು. ಏಳು ಗಂಟೆಗೆ ಪಂಚಾಯ್ತಿ ಪಿಡಿಒ ದೇವಾನಂದ ಅವಳ ಮನೆಯೆದುರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತು, ಸತ್ತವಳನ್ನೂ ಉಳಿದವರನ್ನೂ ಸೇರಿಸಿ ಬೈಯುತ್ತಿದ್ದ.

"ಸರ್ಕಾರ ಮನಿಗೊಂದು ಸಂಡಾಸ ಕಟ್ಟಿಸಿ ಕೊಟ್ಟದ. ನೀವು ಅದ್ರಾಗ ಕುಳ್ಳು ಒಟ್ಟೀರಿ, ಕೋಳಿ ಸಾಕೀರಿ. ಕೈ ತೊಳ್ಕೋರಿ ಅಂದ್ರ ಅದೂ ಇಲ್ಲ. ಹೇಲಾಗ ಹುಟ್ಟಿ ಹೇಲಾಗ ಸಾಯೋ ಮಂದಿ ನೀವು. ವಾಂತಿ-ಭೇದಿ ಬರದ ಇನ್ನೇನ್ ಬರ್ತದ?"

ಕಾಗಿಣಾ ಹೊಳೆ ಸೇತುವೆಯ ಮೇಲೆ ಹತ್ತಿ ಅಂದಿಗೆ ನಾಲ್ಕನೇ ದಿನ. ದಂಡೆಯ ಮೋಟಾರು ಮನೆ ಮುಳುಗಿ ಊರಿನ ನಳ ನಿಂತಿತ್ತು. ಕರೆಂಟೂ ಇರಲಿಲ್ಲ. ಮಳೆಹಾನಿ ಬರೆದುಕೊಳ್ಳಲು ಬಂದಿದ್ದ ದೇವಾನಂದ ಆಚೆ ದಡ ಸೇರಲಾಗದೆ ಭೀಮಾಶಂಕರ ಗೌಡನ ಮನೆಯಲ್ಲಿ ಉಳಿದುಕೊಂಡಿದ್ದ. ಗೌಡನೂ ಈಗ ಪಕ್ಕದಲ್ಲೇ ಇದ್ದ, ಬಿಳಿ ಅಂಗಿಗೆ ಕೆಸರು ಸಿಡಿಯದ ಹಾಗೆ ಒಂದು ಪರಸಿ ಕಲ್ಲಿನ ಮೇಲೆ ನಿಂತು.

"ಕೈ ತೊಳ್ಕೊಳಾಕ ನೀರರೆ ಎಲ್ಲಿಂದ ತರಾಣ್ರಿ ಸಾಹೇಬ್ರ?" ಎಂದ ಚಂದಮ್ಮನ ಮಗ ಭಾಗಣ್ಣ. ತಾಯಿಯ ಹೆಣ ಒಳಗಿತ್ತು. ಅವನಿಗೆ ಅಳಲೂ ಪುರುಸೊತ್ತಾಗಿರಲಿಲ್ಲ.

"ಓಣ್ಯಾಗ ಬೋರಿಂಗ್ ಇಲ್ಲೇನೋ? ಕೈಲೆ ಹೊಡದ್ರ ನೀರ ಬರ್ತದ. ಅದಕ್ಕೂ ನಿಮಗ ಆಳ ಹಚ್ಚಬೇಕಾ?"

ಗೌಡ ಮೆತ್ತಗಿನ ದನಿ ತೆಗೆದ. "ಭಾಗಣ್ಣ, ಮುದುಕಿಗಿ ಎದಿನೋವಿತ್ತಲ್ಲೋ? ಎದಿನೋವಂತೇ ಬರಸು. ವಾಂತಿ-ಭೇದಿ ಅಂತ ಬರಸಿದ್ರ ನಾಳಿ ಹೆಣ ಒಯ್ದು ಕೊಯ್ತಾರ. ಮತ್ತ ನಿನಗ ತ್ರಾಸ."

ಚಂದಮ್ಮನಿಗೆ ಎದೆನೋವು ಇರಲಿಲ್ಲ. ಆದರೂ ಭಾಗಣ್ಣ ಹೂಂ ಎಂದು ತಲೆಯಾಡಿಸಿದ. ದೇವಾನಂದ ಬರೆದುಕೊಂಡ.

ಗುಂಪಿನ ಹಿಂದೆ ನಿಂತಿದ್ದ ಅನಸುಬಾಯಿ ಪಂಚಾಯ್ತಿಯವರು ಆಗಷ್ಟೇ ಇಳಿಸಿಹೋದ ಬ್ಲೀಚಿಂಗ್ ಪೌಡರಿನ ಚೀಲಕ್ಕೆ ಮೂಗು ಹಚ್ಚಿ ನೋಡಿದಳು. ನಲವತ್ತೊಂದು ಮನೆಗೆ ಅರ್ಧ ಚೀಲ. ಸೇಡಂನ ಒಂದು ಖಾಸಗಿ ದವಾಖಾನೆಯಲ್ಲಿ ಹನ್ನೊಂದು ವರ್ಷ ಆಯಾ ಆಗಿ ದುಡಿದವಳಿಗೆ ಅದರ ನಿಜ ಮೂಗಿನಲ್ಲೇ ತಿಳಿಯುತ್ತಿತ್ತು. ಜೀವ ಇರುವ ಪೌಡರು ಚೀಲ ಬಿಚ್ಚಿದೊಡನೆ ಕಣ್ಣಿಗೆ ಹೊಡೆಯಬೇಕು. ಇದಕ್ಕೆ ನಾತವೇ ಇರಲಿಲ್ಲ. ಗೋಡೆಗೆ ಬಳಿಯುವ ಸುಣ್ಣಕ್ಕೂ ಇದಕ್ಕೂ ಫರಕಿಲ್ಲ. ಹೇಳೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಗೌಡನ ಕಣ್ಣು ಅವಳ ಮೇಲೆ ಬಿತ್ತು.

"ಏ ಅನಸಿ, ಹತ್ತಕ್ಕ ಮನಿಗಿ ಬಾ. ಎರಡೂ ಸಂಡಾಸ ತುಂಬಿ ಕುಂತಾವ. ಹದಿನಾಲ್ಕ ಮಂದಿ ಅದೀವಿ, ನಳಾ ಇಲ್ಲ. ಬಕೀಟಲೆ ಸುರವಿ ಬಿಡಬೇಕು."

"ಮನ್ಯಾಗ ಸೊಸಿ ಮಲಗ್ಯಾಳ್ರಿ ಗೌಡ್ರ. ನಿನ್ನಿ ಸಂಜಿಯಿಂದ ಅಕಿಗೂ ಸುರುವಾಗ್ಯದ."

"ಎರಡು ಕೊಡ ಟ್ಯಾಂಕರ್ ನೀರ ಕೊಡ್ತೀನಿ. ಬ್ಯಾಡಂದ್ರ ಬಿಡು."

ಗೌಡ ತನ್ನ ಹೊಲದ ಬೋರ್‌ವೆಲ್ಲಿಗೆ ಜನರೇಟರ್ ಹಚ್ಚಿ ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ಮನೆಗೆ ನೀರು ತರಿಸಿಕೊಳ್ಳುತ್ತಿದ್ದ. ಊರಿನಲ್ಲಿ ಈಗ ಅದೊಂದೇ ತಿಳಿನೀರು.

"ಬರ್ತೀನ್ರಿ," ಅಂದಳು ಅನಸುಬಾಯಿ.

ಮನೆಯೆಂದರೆ ಒಂದು ಕೋಣೆ, ಒಂದು ಪಡಸಾಲೆ. ಪಡಸಾಲೆಯಲ್ಲಿ ಭಾಗ್ಯ ಹೊರಸಿನ ಮೇಲೆ ಮಲಗಿದ್ದಳು. ಮಗ ಜೈಭೀಮ ಶಹಾಬಾದಿನ ಪಾಲಿಶ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವನು ಹೊಳೆಯಾಚೆ ಸಿಕ್ಕಿಬಿದ್ದಿದ್ದ. ಅವರ ಕೂಸು ಪೂನಮ್‌ಗೆ ನಾಲ್ಕು ತಿಂಗಳು.

ರಾತ್ರಿಯೇ ಅನಸುಬಾಯಿ ಹೊರಸಿನ ನಡುವಿನ ಹಗ್ಗ ಸರಿಸಿ ಗೇಣಗಲ ಕಿಂಡಿ ಮಾಡಿ, ಕೆಳಗೆ ಬಕೀಟು ಇಟ್ಟಿದ್ದಳು. ದವಾಖಾನೆಯಲ್ಲಿ ಕಂಡ ಉಪಾಯ. ಎದ್ದು ಹೋಗುವ ಶಕ್ತಿ ಇಲ್ಲದವಳು ಮಲಗಿದಲ್ಲೇ ಹೋದರೂ ಬಟ್ಟೆ ಕೆಡಬಾರದು, ನೆಲ ಕೆಡಬಾರದು. ಬಕೀಟಿನ ತಳಕ್ಕೆ ಸುಣ್ಣ. ತುಂಬಿದ್ದನ್ನು ಮನೆಯಿಂದ ಮೂವತ್ತು ಹೆಜ್ಜೆ ದೂರ ಒಯ್ದು ಹುಗಿಯುತ್ತಿದ್ದಳು. ಕರಗುಂಪಾದ ನೆಲದಲ್ಲಿ ಒಂದೂವರೆ ಅಡಿ ಮಣ್ಣು ತೆಗೆದರೆ ಕಲ್ಲೇ ಸಿಗುವುದು, ಅಷ್ಟೇ ಆಳ. ಮೇಲೆ ಮತ್ತೆ ಸುಣ್ಣ, ಮತ್ತೆ ಮಣ್ಣು. ಬಾಗಿಲಿಗೆ ಎಣ್ಣೆಯ ಡಬ್ಬಿ ತೂಗುಹಾಕಿ ಮೊಳೆಯಿಂದ ತಳಕ್ಕೆ ತೂತು ಹೊಡೆದಿದ್ದಳು. ತೂತಿಗೆ ಕಡ್ಡಿ. ಕಡ್ಡಿ ತೆಗೆದರೆ ದಾರದಷ್ಟು ನೀರು, ಬೂದಿ ಹಚ್ಚಿ ತಿಕ್ಕಿ ಕೈ ತೊಳೆಯಲು ಒಂದು ಲೋಟದಷ್ಟೂ ಖರ್ಚಾಗದು. ಕೈ ತೊಳೆದ ನೀರು ಒಂದು ತಗಡಿನ ಬುಟ್ಟಿಗೆ, ಬುಟ್ಟಿಯದು ಬಟ್ಟೆ ನೆನೆಸಲಿಕ್ಕೆ. ಕುಡಿಯುವ ಕೊಡಕ್ಕೆ ಹಿಡಿಕೆಯ ಸವಟು. ಯಾರೂ ಲೋಟ ಅದ್ದುವಂತಿಲ್ಲ. ಗಂಡ ಮಾಣಿಕಪ್ಪ ಒಮ್ಮೆ ಅದ್ದಿ ಬೈಸಿಕೊಂಡಿದ್ದ.

ಆಶಾ ಕಾರ್ಯಕರ್ತೆ ಮೈತ್ರಿಯ ಹತ್ತಿರವಿದ್ದ ಓಆರ್‌ಎಸ್ ಪಾಕೀಟು, ಕ್ಲೋರಿನ್ ಗುಳಿಗೆ ಎರಡನೇ ದಿನಕ್ಕೇ ಮುಗಿದಿದ್ದವು. ಅನಸುಬಾಯಿ ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಸೊಸೆಗೆ ಕುಡಿಸುತ್ತಿದ್ದಳು. ಕುದಿಸಬೇಕೆಂದು ಗೊತ್ತಿತ್ತು. ಗ್ಯಾಸು ಮುಗಿದಿತ್ತು, ಕಟ್ಟಿಗೆ ಕುಳ್ಳು ಎಲ್ಲ ನೆನೆದು ಹೊಗೆ ಕಾರುತ್ತಿದ್ದವು. ಬೋರಿಂಗಿನ ನೀರು ತೊಂಬತ್ತು ಅಡಿ ಆಳದ್ದು, ಅದಕ್ಕೇನೂ ಆಗುವುದಿಲ್ಲ ಅಂತ ಓಣಿಯೆಲ್ಲ ನಂಬಿತ್ತು. ಅವಳೂ ನಂಬಿದ್ದಳು.

"ಅತ್ತಿ," ಎಂದಳು ಭಾಗ್ಯ. ದನಿ ಒಡೆದಿತ್ತು. "ಕಾಲಾಗ ನರಾ ಹಿಡಕೊಳ್ಳಾಕತ್ತಾವ."

ಅನಸುಬಾಯಿ ಅವಳ ಕೈಮೇಲಿನ ಚರ್ಮ ಚಿವುಟಿ ಬಿಟ್ಟಳು. ಚಿವುಟಿದ ಮಡಿಕೆ ಹಾಗೇ ನಿಂತಿತು. ದವಾಖಾನೆಯಲ್ಲಿ ಡಾಕ್ಟರರು ಹೀಗೆ ಮಾಡಿ ನೋಡಿ, ಸಲಾಯನ್ ಬಾಟಲಿ ತರಲು ಓಡಿಸುತ್ತಿದ್ದರು.

"ಏನಾಗಂಗಿಲ್ಲ, ಕುಡಿ," ಎಂದಳು. ಖಾಲಿ ಕೊಡ ಎರಡೂ ಎತ್ತಿಕೊಂಡು ಹೊರಗೆ ಬಂದಳು.

ಗೌಡನ ಮನೆ ಮೇಲಿನ ಓಣಿಯಲ್ಲಿ, ಏರಿನ ಮೇಲೆ. ಭೀಮನಗರದ ಬೋರಿಂಗಿನಿಂದ ಇನ್ನೂರು ಹೆಜ್ಜೆ.

"ಹಿತ್ತಲ ಬಾಗಲ್ಲೆ ಬಾ. ಗ್ವಾಡಿ ಹಿಡೀಬ್ಯಾಡ," ಗೌಡತಿ ಜಯಮಾಲಾ ಮಹಡಿ ಮೆಟ್ಟಿಲ ಮೇಲಿಂದಲೇ ಹೇಳಿದಳು. ಎರಡು ಬಾಟಲಿ ಫಿನೈಲು, ಒಂದು ಕಸಬರಿಗೆ ಹಿತ್ತಲಲ್ಲಿ ಇಟ್ಟಿದ್ದಳು. "ಮಾಳಿಗಿ ನೀರಿನ ಡ್ರಮ್ಮಿನಾಗಿಂದ ತಗೋ. ಕುಡ್ಯೋ ನೀರಿನ ಟಾಕಿ ಮುಟ್ಟೀಯ ಮತ್ತ!"

ಮೊದಲ ಸಂಡಾಸು ಬಗ್ಗಿ ನೋಡುವಂತಿರಲಿಲ್ಲ. ಮೂಗಿಗೆ ಸೆರಗು ಕಟ್ಟಿ ಬಕೀಟು ಸುರುವತೊಡಗಿದಳು. ಎರಡನೆಯದರಲ್ಲಿ ಇದ್ದದ್ದು ಬೇರೆ. ಬೇಸಿನ್ನಿನ ತುಂಬ ಅಕ್ಕಿ ತೊಳೆದ ನೀರಿನಂಥದು, ಬೆಳ್ಳಗೆ, ಹೇಲಿನ ನಾತವಿಲ್ಲದೆ ಮೀನಿನ ನಾತ. ಬೆಳಿಗ್ಗೆಯಿಂದ ಅವಳು ಭಾಗ್ಯಳ ಹೊರಸಿನ ಕೆಳಗಿಂದ ಹೊತ್ತದ್ದೂ ಇದನ್ನೇ.

"ಇದು ಯಾರಿಗಾಗ್ಯದ್ರಿ ಅವ್ವಾರ?"

"ನಮ್ಮ ಅಣ್ಣಗ. ಹೊಳಿ ಬಂದ ದಿನಾನೇ ಅವ್ರ ಊರ ಮುಳಗ್ತಂತ ಇಲ್ಲಿಗಿ ಬಂದಾನ. ಹೊಟ್ಟಿ ಕೆಟ್ಟದ, ಅಷ್ಟೇ. ಕಂಪೌಂಡರ್ ಊರಾಗಿದ್ದಷ್ಟು ಸಲಾಯನ್ ಬಾಟ್ಲಿ ಹಚ್ಚಿ ಹೋಗ್ಯಾನ, ಈಗ ಆರಾಮ ಅದಾನ. ನೀ ಓಣ್ಯಾಗ ಹೇಳ್ಕೋತ ತಿರಗಬ್ಯಾಡ, ರಂಡಿ, ಬಾಯಿ ಭಾಳ ಉದ್ದ ಅದ ನಿಂದು."

"ಒಂದು ಕೊಡ ನೀರ ಮೊದ್ಲ ಕೊಟ್ರ ಮನಿಗಿ ಕೊಟ್ಟು ಬರ್ತೀನ್ರಿ. ಸೊಸಿಗಿ ಭಾಳ ಆಗ್ಯದ."

"ಮೊದ್ಲ ಕೆಲಸ."

ಅವಳು ಇಪ್ಪತ್ತಾರು ಬಕೀಟು ಹೊತ್ತಳು. ಎಣಿಸಿದ್ದು ಅಂಜಿಕೆಗೆ, ಎಣಿಸುತ್ತಿದ್ದರೆ ಮನೆಯ ನೆನಪು ಸ್ವಲ್ಪ ದೂರ ಇರುತ್ತಿತ್ತು. ಎರಡೂ ಬಾಟಲಿ ಫಿನೈಲು ಖಾಲಿಯಾದವು. ಸುರುವಿದ್ದೆಲ್ಲ ಗೊಳಗೊಳ ಸದ್ದು ಮಾಡಿ ಇಳಿದು ಹೋಯಿತು. ಒಂದು ಸಲವೂ ನೀರು ಹಿಂದಕ್ಕೆ ಬರಲಿಲ್ಲ, ಕಟ್ಟಿಕೊಳ್ಳಲಿಲ್ಲ.

"ನಮ್ಮ ಸಂಡಾಸದ ಟಾಕಿ ಹನ್ನೆರಡ ವರ್ಷದಾಗ ಒಮ್ಮಿಯೂ ತುಂಬಿಲ್ಲ ನೋಡು," ಎಂದಳು ಜಯಮಾಲಾ ಹೆಮ್ಮೆಯಿಂದ. "ಸೇಡಂದಾಗ ನಮ್ಮ ಅಕ್ಕನ ಮನ್ಯಾಗ ವರ್ಷಕ್ಕೊಮ್ಮೆ ಗಾಡಿ ಕರಸಬೇಕು."

ಹನ್ನೆರಡೂವರೆಗೆ ಕೊಡ ನೆಲದ ಮೇಲಿರಿಸಿ ದೂರ ನಿಲ್ಲಲು ಹೇಳಿದಳು. ಮೇಲಿಂದ ಜಗ್ಗಿನಲ್ಲಿ ಸುರಿದಳು. ಒಂದು ತುಂಬಿತು, ಇನ್ನೊಂದು ಮುಕ್ಕಾಲಾಯಿತು.

"ಮೂರಕ್ಕ ಮತ್ತ ಬಾ. ಸಾಹೇಬ್ರು ಊಟ ಮಾಡಿ ಮತ್ತೊಮ್ಮೆ ಹೋಗ್ತಾರ."

ಅನಸುಬಾಯಿ ಓಣಿಗೆ ಇಳಿಯುವಾಗ ಮಾಣಿಕಪ್ಪ ಮನೆಯ ಕಟ್ಟೆಯ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕುಳಿತಿದ್ದ. ಎದುರಿಗೆ ಲೋಟ ಉರುಳಿಬಿದ್ದಿತ್ತು. ಸಕ್ಕರೆ ನೀರಿಗೆ ಇರುವೆ ಹತ್ತಿದ್ದವು. ಕೂಸು ಕೂಗಿ ಕೂಗಿ ದನಿ ಕಳೆದುಕೊಂಡಿತ್ತು. ಭಾಗ್ಯಳಿಗೆ ಹಾಲು ಬತ್ತಿ ಬೆಳಗಿನಿಂದ ಅದರ ಹೊಟ್ಟೆಗೆ ಏನೂ ಇರಲಿಲ್ಲ.

"ನೀರ್ಯಾಕ ಚೆಲ್ಲಿದಿ?"

"ಕೂಸಿನ ಬಾಯಿಗಿ ಹಿಡ್ಯೋ ಹೊತ್ತಿಗಿ ನಾತ ಬಂತು," ಎಂದ ಮಾಣಿಕಪ್ಪ. ಅವನ ತುಟಿ ಒಣಗಿದ್ದವು. "ಫಿನೈಲಿನ ನಾತ. ಆಗಷ್ಟೇ ಬೋರಿಂಗಿನಿಂದ ತಂದಿದ್ದೆ. ನೀ ಅಲ್ಲಿ ಫಿನೈಲ್ ಹಾಕಿದೇನು?"

"ಎರಡ ಬಾಟ್ಲಿ."

"ಎಷ್ಟೊತ್ತಿಗಿ?"

"ಹನ್ನೊಂದಕ್ಕ ಸುರು ಮಾಡೀನಿ. ಯಾಕ?"

ಮಾಣಿಕಪ್ಪ ಕೂಸನ್ನು ಕಟ್ಟೆಯ ಮೇಲೆ ಮಲಗಿಸಿದ. ಎದ್ದು ಬೋರಿಂಗಿನ ಹತ್ತಿರ ಹೋಗಿ ಹಿಡಿ ಎರಡು ಸಲ ಜಗ್ಗಿ ಬೊಗಸೆ ಮೂಸಿದ. ಅನಸುಬಾಯಿಯೂ ಮೂಸಿದಳು. ಹನ್ನೊಂದು ವರ್ಷ ದಿನಾ ಮೂಸಿದ ನಾತ ಅದು. ತಪ್ಪುವ ಮಾತೇ ಇಲ್ಲ.

ಮೂವತ್ತು ವರ್ಷ ಖಣಿಯಲ್ಲಿ ಪರಸಿ ಸೀಳಿದವನು ಮಾಣಿಕಪ್ಪ. ಕಲ್ಲಿಗೆ ಕಿವಿಗೊಟ್ಟು ಸುತ್ತಿಗೆಯಲ್ಲಿ ಬಡಿದರೆ ಒಳಗಿನ ಪದರು ಯಾವ ಕಡೆ ವಾಲಿದೆ, ಸೀಳು ಎಲ್ಲಿದೆ ಅಂತ ಹೇಳುತ್ತಿದ್ದ. ಈಗ ಬೋರಿಂಗಿನ ಕಟ್ಟೆಯ ಮೇಲೆ ತಲೆ ಹಿಡಿದು ಕೂತ.

"ಗೌಡನ ಆ ಸಂಡಾಸದ ಟಾಕಿ ಹೊಡದಂವ ನಾನೇ ಅಲ್ಲೇನ. ಒಂಬತ್ತ ಅಡಿಗಿ ಸಬ್ಬಲ ಡೊಳ್ಳ ಅಂತು. ಕೈ ಹಿಡಿಯೋವಷ್ಟು ಸೀಳು. ನಾಕ ಕೊಡ ಸುರವಿ ನೋಡೀನಿ, ಗಟಗಟ ಕುಡೀತು. ಪದರೆಲ್ಲ ಈ ಕಡೀಗೇ ಇಳದದ. ಗೌಡ್ರ, ತಳಕ್ಕ ಸಿಮೆಂಟ್ ಹಾಕ್ರಿ ಅಂದೆ. ನಕ್ಕ. ಏ ಹುಚ್ಚಾ, ಹಾಂಗೇ ಬಿಡು, ಎಂದೂ ತುಂಬಂಗಿಲ್ಲ ಅಂದ."

"ಆಮ್ಯಾಲ ಇಲ್ಲಿ ಬೋರಿಂಗ್ ಹೊಡದ್ರಲ್ಲ. ಆಗ ಯಾಕ ಹೇಳ್ಲಿಲ್ಲ?"

"ಹೆಂಗ ಹೇಳ್ಲಿ?" ಅವನು ಕಿರುಚಿದ. "ಹತ್ತ ವರ್ಷ ಅರ್ಜಿ ಕೊಟ್ಟು ಕೊಟ್ಟು ಆ ಲಾರಿ ಬಂದಿತ್ತು! ಇಲ್ಲಿ ಬ್ಯಾಡ ಅಂದಿದ್ರ ತಿರಗಿ ಹೋಗ್ತಿತ್ತು. ಕುಡ್ಯಾಕ ನಳಾ ಅದ, ಇದು ಬಟ್ಟಿ ಒಗ್ಯಾಕ ಆಯ್ತು ಅಂತ ಸುಮ್ಕಾದೆ. ನಳಾ ಬಂದ್ ಆಗಿ ಇದನ್ನೇ ಕುಡೀತೀವಿ ಅಂತ ನನಗೇನ್ ಗೊತ್ತು?"

ಅನಸುಬಾಯಿ ಬೋರಿಂಗಿನ ಕಂಬ ಹಿಡಿದು ನಿಂತಳು. ಗೌಡತಿಯ ಅಣ್ಣ ಬಂದದ್ದು ಹೊಳೆ ಬಂದ ದಿನ. ಓಣಿಯಲ್ಲಿ ಮೊದಲು ಕಾರಿಕೊಂಡದ್ದು ಮರುದಿನ. ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಒಂದು ಲೀಟರ್ ಬೋರಿಂಗಿನ ನೀರು. ಸೊಸೆ ಬೇಡ ಬೇಡವೆಂದರೂ ತಲೆ ಎತ್ತಿ ಹಿಡಿದು ತಾನೇ ಕುಡಿಸಿದ್ದಳು. ಇವತ್ತು ಇಪ್ಪತ್ತಾರು ಬಕೀಟು ಸುರುವಿ ಅದನ್ನು ಇನ್ನಷ್ಟು ಜೋರಾಗಿ ಕೆಳಗೆ ನೂಕಿದ್ದೂ ತಾನೇ.

ಅವಳಿಗೆ ವಾಂತಿ ಬಂತು. ಬಗ್ಗಿ ಬರಿ ಪಿತ್ತ ಕಾರಿದಳು. ಇದು ರೋಗವೋ ಅಂಜಿಕೆಯೋ ಅಂತ ಒಂದು ಗಳಿಗೆ ಅವಳಿಗೂ ತಿಳಿಯಲಿಲ್ಲ.

ಟ್ಯಾಂಕರಿನ ನೀರಲ್ಲಿ ಹೊಸದಾಗಿ ಉಪ್ಪು ಸಕ್ಕರೆ ಕಲಸಿ ಮಾಣಿಕಪ್ಪನನ್ನು ಭಾಗ್ಯಳ ತಲೆದೆಸೆ ಕೂರಿಸಿದಳು. ಕೂಸಿಗೆ ಮೈತ್ರಿ ಮೇಕೆಯ ಹಾಲು ತಂದು ಬತ್ತಿಯಲ್ಲಿ ಹಿಂಡಿದಳು. ಬೋರಿಂಗು ಮುಟ್ಟಬೇಡಿರೆಂದು ಓಣಿಯಲ್ಲಿ ಕೂಗಿದರೆ ಭಾಗಣ್ಣ ಎದುರಿಗೆ ಬಂದ.

"ಮತ್ತೇನ್ ಉಚ್ಚಿ ಕುಡೀಲೇನು? ಅವ್ವನ ಮೈ ತೊಳೀಲಿಕ್ಕೂ ನೀರಿಲ್ಲ ನನ್ನತ್ರ. ಫಿನೈಲಿನ ನಾತಂತ! ನಿನ್ನ ಕೈಗೇ ಹತ್ಯದ ಆ ನಾತ, ಗೌಡನ ಸಂಡಾಸ ತೊಳದು ಬಂದೀದಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳ ಕೈಗೂ ಆ ನಾತ ಇತ್ತು.

"ಕಾಕಿ, ನಾತಕ್ಕ ಸಾಕ್ಷಿ ಇರಂಗಿಲ್ಲ," ಎಂದಳು ಮೈತ್ರಿ ಮೆಲ್ಲಗೆ. "ಪಿಡಿಒ ಮೂಗು ಮುಚ್ಕೊಂಡೇ ಬರ್ತಾನ. ಕಣ್ಣಿಗಿ ಕಾಣಬೇಕು."

ಅನಸುಬಾಯಿ ಒಳಗೆ ಹೋಗಿ ಟ್ರಂಕು ತೆರೆದಳು. ಏಪ್ರಿಲ್ ಹದಿನಾಲ್ಕರ ಮೆರವಣಿಗೆಗೆ ತಂದು ಉಳಿದಿದ್ದ ನೀಲಿ ಗುಲಾಲು, ನಾಲ್ಕು ಪಾಕೀಟು. ಮಾಣಿಕಪ್ಪ ನೋಡಿದ. ಅವನಿಗೆ ಅರ್ಥವಾಯಿತು.

"ಬ್ಯಾಡ, ಜೈಭೀಮನ ಅವ್ವ. ಸಾಯ ಹೊಡೀತಾರ. ನಾಳಿಂದ ಈ ಎರಡ ಕೊಡಾನೂ ಸಿಗಂಗಿಲ್ಲ."

"ಅಂಜಿಕಿ ನನಗಿಲ್ಲೇನು?" ಅವಳು ಪಾಕೀಟುಗಳನ್ನು ಉಡಿಗೆ ಸೇರಿಸಿದಳು. "ಅಕಿ ಚರ್ಮ ಚಿವುಟಿ ನೋಡಿ ಬಂದು ನನಗ ಬ್ಯಾಡನ್ನು."

ಅವನು ಲೋಟ ಎತ್ತಿಕೊಂಡು ಮತ್ತೆ ಸೊಸೆಯ ತಲೆದೆಸೆ ಕೂತ.

ಮೂರು ಗಂಟೆಗೆ ಹಿತ್ತಲಲ್ಲಿ ಜಯಮಾಲಾ ಈ ಸಲ ಬ್ಲೀಚಿಂಗ್ ಪೌಡರಿನ ಹೊಸ ಚೀಲ ಇಟ್ಟಿದ್ದಳು. ಬಿಚ್ಚಿದೊಡನೆ ಕಣ್ಣಲ್ಲಿ ನೀರು ಬಂತು. ಜೀವ ಇರುವ ಮಾಲು. ಚೀಲದ ಮೇಲೆ ಪಂಚಾಯ್ತಿಯ ಮೊಹರು ಇತ್ತು.

"ದಂಡಿ ಹಾಕು. ಇನ್ನೂ ಮೂರ ಚೀಲ ಅದಾವ."

ಅನಸುಬಾಯಿಗೆ ಗೊತ್ತಿತ್ತು: ಬ್ಲೀಚಿಂಗು ಬಿದ್ದರೆ ಯಾವ ಬಣ್ಣವೂ ನಿಲ್ಲುವುದಿಲ್ಲ. ವಾರ್ಡಿನ ಹಸಿರು ಬಟ್ಟೆಗಳನ್ನು ಅವಳೇ ಎಷ್ಟೋ ಸಲ ಬಿಳಿ ಮಾಡಿ ಬೈಸಿಕೊಂಡಿದ್ದಳು. ಎರಡನೇ ಸಂಡಾಸಿನ ಬಾಗಿಲು ಮುಂದೆಳೆದುಕೊಂಡಳು. ಹಾಕಿದ ಹಾಗೆ ಕಾಣಲೆಂದು ಪೌಡರಿನ ಎರಡು ಬೊಗಸೆ ತೆಗೆದು ಸೆರಗಿಗೆ ಗಂಟು ಹಾಕಿದಳು. ಗುಲಾಲಿನ ಪಾಕೀಟು ಹಲ್ಲಲ್ಲಿ ಹರಿದು ನಾಲ್ಕನ್ನೂ ಬೇಸಿನ್ನಿಗೆ ಕೊಡವಿದಳು. ಕೈ ಮೊಣಕೈತನಕ ನೀಲಿಯಾಯಿತು. ನೀಲಿ ಗೋಡೆಗೂ ಸಿಡಿಯಿತು, ಸೀರೆಯಿಂದ ಒರೆಸಿದಳು. ಹೊರಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಕೀಟು ಎತ್ತುವ ಅವಸರಕ್ಕೆ ಅರ್ಧ ನೀರು ಕಾಲ ಮೇಲೇ ಬಿತ್ತು.

"ಏನ್ ಮಾಡ್ಲಾಕತ್ತೀ ಒಳಗ ಬಾಗಲ ಹಾಕ್ಕೊಂಡು?" ದೇವಾನಂದನ ದನಿ. "ಜಲ್ದಿ. ಅರ್ಜೆಂಟ್ ಅದ ನನಗ."

"ಆಯ್ತ್ರಿ ಸಾಹೇಬ್ರ, ನಾತಾದ್ರಿ, ಜರಾ ದೂರ ನಿಂದರ್ರಿ."

ಅವನು ದೂರ ಹೋದ. ಒಂದರ ಹಿಂದೊಂದು ಹದಿನೆಂಟು ಬಕೀಟು ಸುರುವಿದಳು. ಹೊರಬಂದಾಗ ನೀಲಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಕೊಡ ತರುವುದನ್ನೇ ಮರೆತಿದ್ದಳು. ಜಯಮಾಲಾ ನಕ್ಕಳು, "ನೀರ ಬ್ಯಾಡಾತೇನ ನಿನಗ?"

ಮೈತ್ರಿಯ ಡೈರಿಯಲ್ಲಿ ಹೀಗಿತ್ತು: ಗುಲಾಲು ಹಾಕಿದ್ದು ೩ ಗಂಟೆ ೧೦ ನಿಮಿಷ. ೩-೩೦ಕ್ಕ ಬೋರಿಂಗ್ ನೀರು ಬಿಳಿ. ೪ ಗಂಟೆಗೆ ಬಿಳಿ. ೪-೨೦ಕ್ಕ ಬಿಳಿ.

ನಾಲ್ಕೂ ಮೂವತ್ತೈದಕ್ಕೆ ಹಿಡಿ ಜಗ್ಗುತ್ತಿದ್ದ ಭಾಗಣ್ಣ ಕೈ ಬಿಟ್ಟು ಹಿಂದೆ ಸರಿದ. ಅವನು ತಾಯಿಯ ಮೈ ತೊಳೆಯಲೆಂದು ಹಿಡಿದಿದ್ದ ಕೊಡದೊಳಗೆ ನೀರು ನೀಲಿಯಾಗಿತ್ತು.

ಒಬ್ಬಳು ಓಡಿಹೋಗಿ ಮಕ್ಕಳ ಬಾಯಿಗೆ ಬೆರಳು ಹಾಕಿ ಕಾರಿಸತೊಡಗಿದಳು. ಇನ್ನೊಬ್ಬಳು ಅಲ್ಲೇ ಕುಸಿದಳು. ಭಾಗಣ್ಣ ಕೊಡದೊಳಗೆ ನೋಡುತ್ತಲೇ ಇದ್ದ.

"ಕಾಕಿ," ಎಂದ ಕಡೆಗೆ. "ಮುಂಜಾನಿ ಅವ್ವ ಸಾಯೂಮುಂದ ನೀರ ಕೇಳಿದ್ಲು. ಎರಡ ಲೋಟ ಕುಡಿಸೀನಿ."

ಸುದ್ದಿ ಏರು ಹತ್ತಲು ಹತ್ತು ನಿಮಿಷ ಹಿಡಿಯಿತು. ದೇವಾನಂದ, ಗೌಡ, ಗೌಡನ ಇಬ್ಬರು ಆಳುಗಳು ದಡಬಡ ಇಳಿದು ಬಂದರು.

"ಕುಡ್ಯೋ ನೀರಿಗಿ ಬಣ್ಣ ಹಾಕಿದವ್ರ್ಯಾರು?" ದೇವಾನಂದನ ಗಂಟಲು ಸೀಳಿತು. "ನಾನ್‌ಬೇಲೆಬಲ್ ಕೇಸ್ ಗೊತ್ತದ ಏನ್ ಸೂಳಿಮಕ್ಕಳ್ರಾ? ಒದ್ದು ಒಳಗ ಹಾಕಸ್ತೀನಿ!"

ಅನಸುಬಾಯಿ ಸೆರಗಿನಿಂದ ಕೈ ಹೊರಗೆ ತೆಗೆದಳು. ಮೊಣಕೈತನಕ ನೀಲಿ.

"ನಾ ಹಾಕೀನ್ರಿ ಸಾಹೇಬ್ರ. ಇಲ್ಲಿ ಅಲ್ಲ. ಮೂರೂ ಹತ್ತಕ್ಕ ಗೌಡ್ರ ಸಂಡಾಸ್ದಾಗ ಹಾಕೀನಿ. ನಾಕೂ ಮೂವತ್ತೈದಕ್ಕ ಇಲ್ಲಿ ಬಂದದ. ನೀವು ಹೊರಗ ನಿಂತಿದ್ರಿ, ಅರ್ಜೆಂಟ್ ಅದ ಅಂತ. ನಿಮ್ದೂ ಇದ್ರಾಗೇ ಅದ."

ಯಾರೋ ಕಿಸಕ್ಕನೆ ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡರು. ಗೌಡ ಮುಂದೆ ಬಂದ.

"ಹಲ್ಕಟ್ ರಂಡಿ. ಅನ್ನ ಹಾಕಿದ ಮನಿಗಿ—"

"ಸೀಳು ನಾ ನೋಡೀನ್ರಿ ಗೌಡ್ರ," ಎಂದ ಮಾಣಿಕಪ್ಪ. ಅವನು ಕೂಸನ್ನು ಎತ್ತಿಕೊಂಡು ಹಿಂದೆ ನಿಂತಿದ್ದ. "ಹನ್ನೆರಡ ವರ್ಷದ ಹಿಂದ ನಿಮಗ ಹೇಳೀನಿ. ನೀವು ನಕ್ಕೀರಿ."

ಗೌಡ ಅವನತ್ತ ನೋಡಲೇ ಇಲ್ಲ. ಆಳುಗಳಿಗೆ ಹೇಳಿದ: "ಹೊಡೀರೋ ಬೋರಿಂಗ್. ಬಣ್ಣ ಹೋಗೋತನಕ ಹೊಡೀರಿ. ನಾಳಿ ಸೇತುವಿ ಬಿಟ್ರ ತಹಶೀಲ್ದಾರ್ ಬರ್ತಾರ, ಒಂದು ಹನಿ ನೀಲಿ ಕಾಣಬಾರ್ದು."

ಆಳುಗಳು ಹಿಡಿಗೆ ಕೈ ಹಾಕುವ ಮೊದಲೇ ಭಾಗಣ್ಣ ಹಿಡಿಯ ಮೇಲೆ ಬಿದ್ದ. "ಯಾವನರೆ ಮುಟ್ಟಿದ್ರ ನೋಡ್ರಿ. ಒಳಗ ನನ್ನ ಅವ್ವನ ಹೆಣ ಅದ. ಎರಡನೇದು ಇಲ್ಲೇ ಬೀಳ್ತದ."

ಆಳುಗಳು ಗೌಡನ ಮುಖ ನೋಡಿ ಹಿಂದೆ ಸರಿದರು.

ಕೊಡ ಮೊದಲು ತಂದವಳು ಮೈತ್ರಿ. ಬಣ್ಣ ಹೆಚ್ಚು ಹೊತ್ತು ಇರುವುದಿಲ್ಲ, ತಹಶೀಲ್ದಾರ್ ಬರುವತನಕ ಹಿಡಿದಿಡಬೇಕೆಂದು ಅವಳು ಹೇಳಿದ್ದಷ್ಟೇ. ನಂತರ ಒಬ್ಬೊಬ್ಬರೇ ಒಳಗೆ ಹೋಗಿ ಕೊಡ ತಂದರು, ಸ್ಟೀಲಿನದು, ಪ್ಲಾಸ್ಟಿಕ್ಕಿನದು, ಮಗಳ ಮದುವೆಗೆ ಇಟ್ಟಿದ್ದ ತಾಮ್ರದ್ದು. ಭಾಗಣ್ಣ ಹೊಡೆದ, ಅವರು ಹಿಡಿದರು. ತುಂಬಿದ ಕೊಡಗಳನ್ನು ಬೋರಿಂಗಿನಿಂದ ಏರಿನ ದಾರಿಯಗುಂಟ ಗೌಡನ ಗೇಟಿನತನಕ ಸಾಲಾಗಿ ಇಟ್ಟರು. ಮೂರು ಮನೆಗಳಿಗೆ ಬೀಗವಿತ್ತು, ಹೊಳೆಯಾಚೆ ಹೋದವರದು. ಉಳಿದ ಮನೆಗಳಿಂದ ಒಂದೊಂದರಂತೆ ಮೂವತ್ತೆಂಟು ಕೊಡ. ಮೊದಲಿನವು ಕಡುನೀಲಿ, ಕಡೆಯವು ಹೊಗೆಯ ಬಣ್ಣ.

ಅನಸುಬಾಯಿ ಸಾಲು ಮುಗಿಯುವುದನ್ನು ನೋಡಲಿಲ್ಲ. ಭಾಗ್ಯಳನ್ನು ಹೊಳೆ ದಾಟಿಸಲು ಊರಿನ ಮಜೀದಸಾಬ ತನ್ನ ಟ್ರ್ಯಾಕ್ಟರ್ ತಂದಿದ್ದ. ಸೇತುವೆ ಮೇಲೆ ಇನ್ನೂ ಮೊಣಕಾಲುದ್ದ ನೀರು ಹರಿಯುತ್ತಿತ್ತು. ನೂರಾ ಎಂಟರ ಗಾಡಿ ಆಚೆ ದಡದಲ್ಲೇ ನಿಂತಿದೆ, ಈಚೆ ಬರುವುದಿಲ್ಲವೆಂದು ಮೈತ್ರಿ ಫೋನು ಮಾಡಿ ತಿಳಿದುಕೊಂಡಿದ್ದಳು.

"ಹಿಡ್ಕೋ ಬೆಹನ್, ಗಟ್ಟಿ ಹಿಡ್ಕೋ," ಎಂದ ಮಜೀದಸಾಬ. "ನೀರ ನೋಡಬ್ಯಾಡ, ನನ್ನ ಬೆನ್ನ ನೋಡು."

ಅವಳು ಸೊಸೆಯನ್ನು ಹೊರಸಿನ ಸಮೇತ ಟ್ರೇಲರಿನಲ್ಲಿ ಹಾಕಿಸಿ ಮೇಲೆ ತಾನೇ ಅಡ್ಡಬಿದ್ದು ಹಿಡಿದಿದ್ದಳು. ಸೇತುವೆಯ ನಡುವೆ ಹಿಂದಿನ ಚಕ್ರ ಒಮ್ಮೆ ಜಾರಿತು. ಭಾಗ್ಯಳ ಕಣ್ಣು ಅರ್ಧ ತೆರೆದಿದ್ದವು. ಅನಸುಬಾಯಿ ಅವಳ ಕೈ ಚರ್ಮ ಚಿವುಟಲಿಲ್ಲ. ಚಿವುಟಿ ನೋಡಲು ಧೈರ್ಯ ಸಾಲಲಿಲ್ಲ. ತಾಸಿಗೆ ಮುಂಚೆ ತಾಗುತ್ತಿದ್ದ ಉಸಿರು ಈಗ ತಾಗುತ್ತಿದೆಯೋ ಇಲ್ಲವೋ ಎಂದು ಅವಳ ಮೂಗಿನ ಹತ್ತಿರ ಕೆನ್ನೆ ಇಟ್ಟುಕೊಂಡೇ ಹೊಳೆ ದಾಟಿದಳು.

ಸಂಜೆ ಏಳೂ ಐದಕ್ಕೆ ಭಾಗ್ಯಳನ್ನು ದವಾಖಾನೆಗೆ ಸೇರಿಸಿದರು. ಎರಡೂ ಕೈಗೆ ಸೂಜಿ ಚುಚ್ಚಿದರು. ಮರುದಿನ ಬೆಳಿಗ್ಗೆ ಒಂಬತ್ತನೇ ಬಾಟಲಿ ಇಳಿಯುವಾಗ ಅವಳು ಉಚ್ಚೆ ಹೊಯ್ದಳು. ನರ್ಸು ಅದನ್ನು ಕಾಗದದಲ್ಲಿ ಬರೆದುಕೊಂಡು, ಇನ್ನು ಅಂಜಿಕೆಯಿಲ್ಲ ಎಂದಳು. ಅನಸುಬಾಯಿ ನಂಬಲಿಲ್ಲ. ನಾಲ್ಕು ಸಲ ಕೇಳಿದಳು.

ಆ ಹೊತ್ತಿಗೆ ಕರಗುಂಪಾದಲ್ಲಿ ಪೊಲೀಸರು ಪಂಚನಾಮೆ ಮಾಡುತ್ತಿದ್ದರು. ಸಾರ್ವಜನಿಕ ಕುಡಿಯುವ ನೀರನ್ನು ಕಲುಷಿತಗೊಳಿಸಿದ ಆರೋಪ; ಒಂದನೇ ಆರೋಪಿ ಅನಸುಬಾಯಿ, ಗಂಡನ ಹೆಸರು ಮಾಣಿಕಪ್ಪ, ವಯಸ್ಸು ೫೪, ಉದ್ಯೋಗ ಕೂಲಿ. ಫಿರ್ಯಾದಿ ಪಿಡಿಒ ದೇವಾನಂದ. ಗೌಡನ ಟಾಕಿಯ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಬೋರಿಂಗಿನ ಹಿಡಿ ಬಿಚ್ಚಿ ಜೀಪಿನಲ್ಲಿ ಹಾಕಿಕೊಂಡರು. ಮೂವತ್ತೆಂಟು ಕೊಡಗಳನ್ನು ಸಾಕ್ಷ್ಯವೆಂದು ಜಪ್ತಿ ಮಾಡಿ, ನೀರು ಸಮೇತ ಲಾರಿಗೆ ಹೇರಿದರು.

ಹನ್ನೆರಡು ಗಂಟೆಗೆ ತಾಲೂಕಿನಿಂದ ಮೊದಲ ನೀರಿನ ಟ್ಯಾಂಕರು ಭೀಮನಗರಕ್ಕೆ ಬಂತು. ಓಣಿಯಲ್ಲಿ ನೀರು ಹಿಡಿಯಲು ಯಾರ ಮನೆಯಲ್ಲೂ ಖಾಲಿ ಕೊಡ ಇರಲಿಲ್ಲ. ಟ್ಯಾಂಕರಿನವನು ಅರ್ಧ ತಾಸು ಕಾದು, ಮೇಲಿನ ಓಣಿಗೆ ಹೋದ.